ಆಟಕ್ಕುಂಟು, ಲೆಕ್ಕಕ್ಕೂ ಇರಲಿ

ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ಶಾಲಾ ದಿನಗಳ ಬಗ್ಗೆ ಈ ಸಲದ ಪ್ರಶ್ನೋತ್ತರ. ಅಕ್ಷರ, ಲೆಕ್ಕ, ಪರೀಕ್ಷೆಯ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು, ಗೆಳೆತನದ ಪ್ರಶ್ನೆಗಳನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಐದನೇ ತರಗತಿಯಲ್ಲಿ ಬೌದ್ಧಿಕ ಅಂಗವೈಕಲ್ಯವಿರುವ ಹುಡುಗನೊಬ್ಬನಿದ್ದಾನೆ. ಯಾರೂ ಗೇಲಿ ಮಾಡುವುದಿಲ್ಲ. ಆದರೂ ಬಿಸಿಯೂಟಕ್ಕೆ ಒಬ್ಬನೇ ಕೂರುತ್ತಾನೆ, ಆಟದ ಹೊತ್ತಿನಲ್ಲಿ ಗೋಡೆ ಪಕ್ಕ ನಿಂತಿರುತ್ತಾನೆ. ‘ಇವನನ್ನು ನೋಡಿಕೋ’ ಎಂದು ಕ್ಲಾಸ್ ಲೀಡರ್‌ಗೆ ಹೇಳಿದೆ. ಅವನು ಕೈ ಹಿಡಿದು ಕರೆದುಕೊಂಡು ಹೋಗುತ್ತಾನೆ, ಕರೆದುಕೊಂಡು ಬರುತ್ತಾನೆ, ಅಷ್ಟೇ. ಇನ್ನೇನು ಮಾಡಲಿ?
ಸರ್ಕಾರಿ ಶಾಲೆ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ‘ನೋಡಿಕೋ’ ಎಂದಾಗಲೇ ಒಬ್ಬ ಮೇಲಾದ, ಇನ್ನೊಬ್ಬ ಕೆಳಗಾದ. ಬೋರ್ಡ್ ಒರೆಸುವ ಹಾಗೆ, ಹಾಜರಿ ಪುಸ್ತಕ ಆಫೀಸಿಗೆ ಒಯ್ಯುವ ಹಾಗೆ ಲೀಡರ್‌ಗೆ ಇದೂ ಒಂದು ಕೆಲಸ. ಪಾಪ, ಅದನ್ನವನು ಚೆನ್ನಾಗಿಯೇ ಮಾಡುತ್ತಿದ್ದಾನೆ. ಆಟದಲ್ಲಿ ಚಿಕ್ಕ ಮಕ್ಕಳನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರಲ್ಲ? ಓಡಬಹುದು, ಆದರೆ ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ನಿಮ್ಮ ಹುಡುಗ ಇರುವುದು ಅಲ್ಲಿ.

ಮೊದಲ ಮೂರು ದಿನ ಏನೂ ಬದಲಿಸದೆ ಬರೀ ನೋಡಿ. ಊಟವಾದ ಮೇಲಿನ 15 ನಿಮಿಷ, ನಿಮಿಷಕ್ಕೊಂದು ಗುರುತು ಹಾಕಿ: ಒಬ್ಬನೇ ಇದ್ದರೆ ‘ಒ’, ದೊಡ್ಡವರ ಜೊತೆ ಇದ್ದರೆ ‘ದೊ’, ಮಕ್ಕಳ ಪಕ್ಕದಲ್ಲಿದ್ದೂ ಮಾತಿಲ್ಲದಿದ್ದರೆ ‘ಪ’, ಮಾತು ಅಥವಾ ಆಟ ನಡೆದಿದ್ದರೆ ‘ಜೊ’. ಮೂರು ದಿನಕ್ಕೆ 45 ಗುರುತು ಸಿಗುತ್ತವೆ. ‘ಪ’ವನ್ನು ‘ಜೊ’ ಎಂದು ಎಣಿಸಿ ‘ಎಲ್ಲರ ಜೊತೆ ಬೆರೀತಾನೆ’ ಎಂದು ಬರೆದುಬಿಡುವುದು ನಮ್ಮ ಶಾಲೆಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು. ಇನ್ನೊಂದನ್ನೂ ಗಮನಿಸಿ: ಗೋಡೆ ಪಕ್ಕ ನಿಂತವನು ಯಾರನ್ನು ನೋಡುತ್ತಾ ನಿಂತಿರುತ್ತಾನೆ? ಗೋಲಿ ಆಡುವವರನ್ನೋ, ಚೌಕಾಬಾರದವರನ್ನೋ? ಅವನಿಗೆ ಯಾರು ಬೇಕು ಎಂಬುದಕ್ಕೆ ಸದ್ಯ ಇರುವ ಉತ್ತರ ಅದೊಂದೇ.

ಆಮೇಲೆ ಮೂವರನ್ನು ಆರಿಸಿ. ಒಬ್ಬನೇ ಆದರೆ ಬೇಗ ಬೇಸರವಾಗುತ್ತದೆ, ಅವನು ರಜೆ ಹಾಕಿದ ದಿನ ಮತ್ತೆ ಗೋಡೆಯೇ ಗತಿ. ಕೆಲಸ ಬೇಗ ಮುಗಿಸುವ ಜಾಣರನ್ನು ಹುಡುಕಬೇಡಿ. ಅವನ ಕಣ್ಣು ಹೋದವರು, ಅದೇ ಬೀದಿಯವರು, ಅದೇ ಆಟ ಇಷ್ಟಪಡುವವರು ಸಾಕು. ಇಡೀ ತರಗತಿಯ ಎದುರು ಕೇಳಿದರೆ ‘ಇಲ್ಲ’ ಎನ್ನಲು ಯಾರಿಗೂ ಧೈರ್ಯ ಬರುವುದಿಲ್ಲ, ಆದ್ದರಿಂದ ಒಬ್ಬೊಬ್ಬರನ್ನೇ ಕರೆದು ಕೇಳಿ. ಹಾಜರಿ ಸಂಖ್ಯೆಯ ಪ್ರಕಾರ ದಿನಕ್ಕೊಬ್ಬರಂತೆ ಪಾಳಿ ಹಾಕುವುದು ನ್ಯಾಯ ಅನ್ನಿಸುತ್ತದೆ, ಆದರೆ ದಿನವೂ ಮುಖ ಬದಲಾದರೆ ಯಾರೂ ಯಾರಿಗೂ ಗೆಳೆಯರಾಗುವುದಿಲ್ಲ. ಅದೇ ಮೂವರು ಕನಿಷ್ಠ 6ರಿಂದ 8 ವಾರ ಇರಲಿ.

ಪೋಷಕರ ಒಪ್ಪಿಗೆ ಪಡೆದು ಆ ಮೂವರ ಜೊತೆ 20 ನಿಮಿಷ ಕೂತು ಮಾತಾಡಿ. ಉಪದೇಶ ಬೇಡ, ಕೈಗೆ ಸಿಗುವ ಮಾತು ಬೇಕು. ಅವರಿಗೆ ಹೀಗೆ ಹೇಳಿ: ಏನಾದರೂ ಕೇಳಿದರೆ ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ, ಅವನು ಉತ್ತರ ಹುಡುಕುತ್ತಿರುತ್ತಾನೆ. ‘ಏನು ಆಡೋಣ?’ ಅನ್ನಬೇಡಿ, ‘ಗೋಲಿನಾ, ಚೌಕಾಬಾರನಾ?’ ಅನ್ನಿ. ಅವನು ‘ಬೇಡ’ ಅಂದರೆ ಬೇಡ. ಅವನ ಸರದಿಯನ್ನು ನೀವು ಆಡಿಬಿಡಬೇಡಿ.

ಈ ಕೊನೆಯದೇ ಕಷ್ಟ. ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ಅವನ ಆಟವನ್ನು ತಾವೇ ಆಡಿಬಿಡುತ್ತಾರೆ. ಚೌಕಾಬಾರವನ್ನೇ ನೋಡೋಣ. 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹಾಗೇ ಆಡಿದರೆ ಬಿಡುವು ಮುಗಿದರೂ ಆಟ ಮುಗಿಯದು. ಮೊದಲ ವಾರ ತಂಡಕ್ಕೊಂದೇ ಕಾಯಿ ಕೊಡಿ. ಕಾಯಿ ಕಡಿಯುವುದೂ ಬೇಡ, ಕಡಿಯದೆ ಒಳಗೆ ಹೋಗುವಂತಿಲ್ಲ ಎಂಬ ನಿಯಮವೂ ಬೇಡ. ಇಬ್ಬಿಬ್ಬರ ಎರಡು ಜೋಡಿ ಮಾಡಿ. ಒಬ್ಬ ಕವಡೆ ಎಸೆದರೆ ಕಾಯಿ ನಡೆಸುವುದು ಅವನ ಜೊತೆಗಾರನೇ, ಮುಂದಿನ ಸರದಿಗೆ ಅದಲುಬದಲು. ಈ ನಿಯಮ ಎರಡೂ ಜೋಡಿಗೆ ಇರಲಿ, ಮುರಿದರೆ ಯಾವ ಜೋಡಿಗಾದರೂ ಸರದಿ ಹೋಗಲಿ. ನಿಮ್ಮ ಹುಡುಗನ ಜೋಡಿಗೆ ಮಾತ್ರ ಅಂದಿರೋ, ಮತ್ತೆ ಲೆಕ್ಕಕ್ಕಿಲ್ಲದ ಆಟವೇ. ಬೆರಳಿನ ಹಿಡಿತ ಸಾಲದಿದ್ದರೆ ಕವಡೆಯನ್ನು ತೆಂಗಿನ ಚಿಪ್ಪಿಗೆ ಹಾಕಿ ಕುಲುಕಿ ಸುರಿಯಲಿ. ಕವಡೆಯ ಬದಲು ಒಂದು ಮಗ್ಗುಲು ತಿಕ್ಕಿದ ಹುಣಸೆಬೀಜ ಇಟ್ಟರೆ ಕಪ್ಪು-ಬಿಳುಪು ಎದ್ದು ಕಾಣುತ್ತದೆ, ಎಣಿಸುವುದು ಸುಲಭ. ಚೌಕ, ಬಾರ ಬಿದ್ದಾಗ ಕೂಗುವ ಹಕ್ಕು ಎಸೆದವನದು. ಬೇರೆ ಮಾತು ಬಾರದ ಮಗುವೂ ‘ಬಾರಾ!’ ಎಂಬ ಒಂದು ಕೂಗಿನಿಂದ ಆಟದ ನಡುವೆ ಬಂದುಬಿಡುತ್ತದೆ. ಕಾಯಿ ಕಡಿಯುವುದನ್ನು ಎರಡನೇ ವಾರ ಸೇರಿಸಿ. ಸೋಲಿನ ರುಚಿಯೂ ಬೇಕು. ಬೇಕೆಂದೇ ಸೋತು ಅವನನ್ನು ಗೆಲ್ಲಿಸಿದರೆ ಉಳಿದವರು ಬೇಗ ಆಟ ಬಿಟ್ಟು ಏಳುತ್ತಾರೆ.

ನೀವು ಎಲ್ಲಿ ನಿಲ್ಲುತ್ತೀರಿ ಎಂಬುದೂ ಮುಖ್ಯ. ಮೊದಲ ವಾರ ಪಕ್ಕದಲ್ಲಿ ಕೂತು ನಿಯಮ ಹೇಳಿ. ಎರಡನೇ ವಾರ ನಾಲ್ಕು ಹೆಜ್ಜೆ ದೂರ ನಿಲ್ಲಿ, ಮೂರನೇ ವಾರದಿಂದ ಬಾಗಿಲ ಬಳಿ ಇದ್ದರೆ ಸಾಕು. ನಾಲ್ಕನೇ ವಾರ ಮತ್ತೆ ಮೂರು ದಿನ ಗುರುತು ಹಾಕಿ. ‘ಜೊ’ 45ರಲ್ಲಿ 5 ಇದ್ದದ್ದು 15 ಆಗಿದ್ದರೆ ಸರಿದಾರಿಯಲ್ಲಿದ್ದೀರಿ. ಏರದಿದ್ದರೆ ಮಕ್ಕಳನ್ನಲ್ಲ, ಮೊದಲು ಆಟವನ್ನು ಬದಲಿಸಿ.

ಪ್ರಶ್ನೆ: ಮಗುವಿಗೆ ಬೌದ್ಧಿಕ ಅಂಗವೈಕಲ್ಯ ಇದೆ ಎಂದು ತರಗತಿಗೆ ಹೇಳಬೇಕೇ?
ಶಿಕ್ಷಕ, ತುಮಕೂರು

ಉತ್ತರ: ಪೋಷಕರು ಮತ್ತು ಆ ಮಗು ಒಪ್ಪದೆ ಹೇಳುವಂತಿಲ್ಲ. ಒಪ್ಪಿದರೂ ಐ.ಕ್ಯೂ. ಅಂಕ, ಪ್ರಮಾಣಪತ್ರದ ಶೇಕಡಾವಾರು ಮಕ್ಕಳಿಗೆ ಬೇಡ. ‘ಇವಳು ಹೊಸದನ್ನು ಕಲಿಯಲು ಹೆಚ್ಚು ಸಮಯ ತಗೋತಾಳೆ, ಒಂದು ಸಲಕ್ಕೆ ಒಂದೇ ವಿಷಯ ಹೇಳಿದರೆ ಅರ್ಥವಾಗುತ್ತೆ, ಹಾಡು ಬೇಗ ಕಲೀತಾಳೆ’ ಎಂಬಷ್ಟು ಸಾಕು. ಆ ಮಗುವನ್ನು ಹೊರಗೆ ಕಳಿಸಿ ಹೇಳಬೇಡಿ. ಎದುರಿಗೆ ಹೇಳಲಾಗದ ಮಾತನ್ನು ಹಿಂದೆಯೂ ಹೇಳದಿರುವುದೇ ಲೇಸು.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ, ಏಳನೇ ತರಗತಿ. ಹುಡುಗಿಯರೆಲ್ಲ ಅವಳನ್ನು ಮುದ್ದು ಮಾಡುತ್ತಾರೆ. ಕೆನ್ನೆ ಹಿಂಡುತ್ತಾರೆ, ಜಡೆ ಹಾಕುತ್ತಾರೆ, ಬ್ಯಾಗ್ ಹೊರುತ್ತಾರೆ. ಆದರೆ ಗುಟ್ಟು ಮಾತಾಡುವಾಗ ‘ನೀನು ಆಚೆ ಹೋಗು ಪುಟ್ಟಾ’ ಎನ್ನುತ್ತಾರೆ. ಟೀಚರ್‌ಗೆ ಏನೆಂದು ಹೇಳಲಿ?
ತಾಯಿ, ಮೈಸೂರು

ಉತ್ತರ: ಅಮ್ಮಾ, ಈ ಮುದ್ದು ಮಕ್ಕಳಿಗೆ ಬಹುಮಟ್ಟಿಗೆ ದೊಡ್ಡವರಿಂದಲೇ ಬಂದಿರುತ್ತದೆ. ಟೀಚರ್ ‘ಬಾ ಪುಟ್ಟಾ, ಜಾಣೆ ಪುಟ್ಟಾ’ ಎಂದು ಕರೆದರೆ ತರಗತಿಯೂ ಹಾಗೇ ಕರೆಯುತ್ತದೆ. ಅವರಿಗೆ ಎರಡು ಮಾತು ಹೇಳಿ. ಒಂದು, ಎಲ್ಲರನ್ನೂ ಕರೆಯುವಂತೆ ಇವಳನ್ನೂ ಹೆಸರು ಹಿಡಿದು, ಅದೇ ದನಿಯಲ್ಲಿ ಕರೆಯಬೇಕು. ಎರಡು, ಕೊಡುವ ಜಾಗದಲ್ಲಿ ಇವಳೂ ನಿಲ್ಲಬೇಕು. ಈಗ ಎಲ್ಲರೂ ಇವಳಿಗೇ ಮಾಡುತ್ತಾರೆ, ಇವಳು ಯಾರಿಗೂ ಏನೂ ಮಾಡುವುದಿಲ್ಲ. ಅಂಥ ಕಡೆ ಗೆಳೆತನ ನಿಲ್ಲುವುದಿಲ್ಲ.

ಇವಳಿಗೆ ಯಾವುದು ಚೆನ್ನಾಗಿ ಬರುತ್ತದೆ ಎಂದು ಮನೆಯಲ್ಲಿ ಬರೆದಿಟ್ಟುಕೊಂಡು ಹೋಗಿ. ರಂಗೋಲಿಯ ಚುಕ್ಕಿ ಇಡುವುದೋ, ಹೂ ಕಟ್ಟುವುದೋ, ಕಡಲೆಕಾಯಿ ಬಿಡಿಸುವುದೋ, ಯಾರ ಹುಟ್ಟುಹಬ್ಬ ಯಾವತ್ತು ಎಂಬ ನೆನಪೋ, ಯಾವುದಾದರೂ. ಹುಟ್ಟುಹಬ್ಬದ ಪಟ್ಟಿ ಇವಳ ಕೈಯಲ್ಲಿದ್ದರೆ ಹುಡುಗಿಯರು ಇವಳ ಹತ್ತಿರ ಬಂದು ಕೇಳಬೇಕಾಗುತ್ತದೆ. ಜಡೆ ಹಾಕಿಸಿಕೊಳ್ಳುವುದು ತಪ್ಪೇನಲ್ಲ, ಇವಳೂ ಒಬ್ಬಳಿಗೆ ಹಾಕಲಿ, ಸೊಟ್ಟಗಾದರೂ ಪರವಾಗಿಲ್ಲ. ಗುಟ್ಟಿನ ವಿಷಯದಲ್ಲಿ ಅವಸರ ಬೇಡ. 12-13ರ ಹುಡುಗಿಯರು ಬೇರೆ ಗೆಳತಿಯರನ್ನೂ ಅದಕ್ಕೆ ಸೇರಿಸುವುದಿಲ್ಲ!

ಪ್ರಶ್ನೆ: ಎರಡನೇ ತರಗತಿಯ ಮಗುವಿನ ಜೊತೆ ಅವನ ತಾಯಿ ದಿನವಿಡೀ ತರಗತಿಯಲ್ಲೇ ಕೂರುತ್ತಾರೆ. ಮಕ್ಕಳು ಏನಿದ್ದರೂ ‘ಆಂಟಿ, ಅವನಿಗೆ ಹೇಳಿ’ ಎನ್ನುತ್ತಾರೆ. ತಾಯಿಗೆ ಬರಬೇಡಿ ಎನ್ನಲು ಮನಸ್ಸಿಲ್ಲ.
ಶಿಕ್ಷಕಿ, ಕಲಬುರಗಿ ಜಿಲ್ಲೆ

ಉತ್ತರ: ಬರಬೇಡಿ ಎನ್ನುವುದು ಬೇಕಿಲ್ಲ, ಕೂರುವ ಜಾಗ ಬದಲಿಸಿದರಾಯಿತು. ಮಗುವಿನ ಪಕ್ಕದ ಜಾಗ ದೊಡ್ಡವರದಾಗಿದ್ದರೆ ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ಮೊದಲ ವಾರ ತಾಯಿ ಮಗುವಿನ ಹಿಂದೆ ಕೂರಲಿ. ಎರಡನೇ ವಾರ ಕೋಣೆಯ ಹಿಂಭಾಗದಲ್ಲಿದ್ದು ಬೇರೆ ಮಕ್ಕಳಿಗೂ ನೆರವಾಗಲಿ. ಮೂರನೇ ವಾರದಿಂದ ವರಾಂಡ. ನಂತರ ಶೌಚಕ್ಕೆ, ಊಟಕ್ಕೆ ಬೇಕಾದಾಗ ಮಾತ್ರ. ‘ಆಂಟಿ, ಅವನಿಗೆ ಹೇಳಿ’ ಎಂದಾಗ ತಾಯಿ ಕೊಡಬೇಕಾದ ಉತ್ತರ ಒಂದೇ: ‘ನೀನೇ ಹೇಳು, ಅವನು ಕೇಳಿಸಿಕೊಳ್ತಾನೆ.’

ನಿಮ್ಮದು ನಲಿಕಲಿ (1ರಿಂದ 3ನೇ ತರಗತಿಯ ಮಕ್ಕಳು ಗುಂಪಿನಲ್ಲಿ ಚಟುವಟಿಕೆಯಿಂದ ಕಲಿಯುವ) ತರಗತಿ ಆಗಿದ್ದರೆ ಅರ್ಧ ಕೆಲಸ ಆಗಲೇ ಆಗಿದೆ. ಮಕ್ಕಳು ನೆಲದ ಮೇಲೆ ಎದುರುಬದುರು ಕೂತಿರುತ್ತಾರೆ, ಸಹಪಾಠಿಗಳು ನೆರವಾಗುವ ‘ತಟ್ಟೆ’ಯೂ, ಅಂದರೆ ಗುಂಪೂ ಇದೆ. ಅವನನ್ನು ಸದಾ ಶಿಕ್ಷಕರ ತಟ್ಟೆಯಲ್ಲೇ ಇಟ್ಟುಕೊಳ್ಳದೆ ದಿನಕ್ಕೊಂದು ಚಟುವಟಿಕೆಯನ್ನಾದರೂ ಅಲ್ಲಿ ಮಾಡಿಸಿ. ನಾಲ್ಕನೇ ತರಗತಿಗೆ ಹೋದಾಗ ಗುಂಪು ಚದುರಿ ಬೆಂಚಿನ ಸಾಲು ಬರುತ್ತದೆ. ಒಡನಾಟದ ಇಬ್ಬರನ್ನು ಅವನ ಬೆಂಚಿನಲ್ಲೇ ಕೂರಿಸುವಂತೆ ಆ ಶಿಕ್ಷಕರಿಗೆ ಈಗಲೇ ಬರೆದಿಡಿ.

ಪ್ರಶ್ನೆ: ನಮ್ಮದು ವಿಶೇಷ ಶಾಲೆ. ನನ್ನ ಗುಂಪಿನ 9 ಮಕ್ಕಳಿಗೂ ಬೌದ್ಧಿಕ ಅಂಗವೈಕಲ್ಯವಿದೆ. ನನ್ನ ಜೊತೆ ಎಲ್ಲರೂ ಮಾತಾಡುತ್ತಾರೆ, ಒಬ್ಬರ ಜೊತೆ ಒಬ್ಬರು ಮಾತಾಡುವುದಿಲ್ಲ. ವರ್ಷಗಟ್ಟಲೆ ಪಕ್ಕಪಕ್ಕ ಕೂತವರಿಗೂ ಹೆಸರು ಗೊತ್ತಿಲ್ಲ.
ವಿಶೇಷ ಶಿಕ್ಷಕಿ, ಉಡುಪಿ

ಉತ್ತರ: ಗೋಂದು, ಕತ್ತರಿ, ಶಭಾಷ್, ನೀರಿನ ಲೋಟ ಎಲ್ಲವೂ ನಿಮ್ಮಿಂದಲೇ ಸಿಗುವಾಗ ಪಕ್ಕದವರ ಜೊತೆ ಮಾತಾಡುವ ಅಗತ್ಯವಾದರೂ ಏನು? ಆ ಅಗತ್ಯ ಹುಟ್ಟಿಸಿ. ಇಬ್ಬರಿಗೊಂದೇ ಗೋಂದಿನ ಡಬ್ಬಿ ಇಡಿ. ಒಬ್ಬಳ ಬಳಿ ಕೆಂಪು, ಹಸಿರು ಬಣ್ಣ, ಎದುರಿನವಳ ಬಳಿ ನೀಲಿ, ಹಳದಿ. ಯಾರಾದರೂ ‘ಮಿಸ್, ನೋಡಿ’ ಎಂದು ಚಿತ್ರ ತಂದರೆ ‘ಅವಳಿಗೆ ತೋರಿಸು’ ಎನ್ನಿ. ನಿಮಗಿದು ಕಲ್ಲುಮನಸ್ಸಿನ ಮಾತು ಅನ್ನಿಸಬಹುದು. ಮಕ್ಕಳನ್ನು ಸಾಮರ್ಥ್ಯದ ಮಟ್ಟಕ್ಕೆ ತಕ್ಕಂತೆ ಗೋಡೆಗೆ ಮುಖ ಮಾಡಿ ಕೂರಿಸಿದ್ದರೆ, ದಿನಕ್ಕೆ ಒಂದು ಗಂಟೆಯಾದರೂ ಎದುರುಬದುರು ಕೂರಿಸಿ. ಮಟ್ಟ ಬೇರೆ ಬೇರೆ ಇದ್ದರೆ ಇನ್ನೂ ಒಳ್ಳೆಯದು.

ಮಾತಿಗೆ ಒಂದು ಫೋಟೊ ಪುಸ್ತಕ ಮಾಡಿ. ಮಗುವಿಗೊಂದು ಸಣ್ಣ ಆಲ್ಬಮ್, 6ರಿಂದ 8 ಫೋಟೊ: ಮನೆಯ ನಾಯಿ, ಅಜ್ಜಿ, ಭಾನುವಾರ ಹೋದ ಜಾಗ, ಇಷ್ಟದ ತಿಂಡಿ. ಜೊತೆಗೆ ದಪ್ಪ ರಟ್ಟಿನ ಒಂದು ಚೀಟಿ, ಅದರ ಮೇಲೆ ‘ನೀನು?’ ಎಂದು ದೊಡ್ಡದಾಗಿ ಬರೆದಿರಲಿ. ಇಬ್ಬರು ಎದುರು ಕೂರುತ್ತಾರೆ. ಚೀಟಿ ಇದ್ದವಳು ಫೋಟೊ ತೋರಿಸುತ್ತಾಳೆ, ಒಂದು ಮಾತು ಹೇಳುತ್ತಾಳೆ: ‘ನಾನು ಗೋಳಿಬಜೆ ತಿಂದೆ.’ ನಂತರ ‘ನೀನು?’ ಎಂದು ಚೀಟಿಯನ್ನು ಎದುರಿನವಳ ಕೈಗೆ ಕೊಡುತ್ತಾಳೆ. ಈಗ ಅವಳ ಸರದಿ. ತೋರಿಸು, ಹೇಳು, ಕೇಳು, ಇಷ್ಟೇ. ನಮ್ಮ ಮಕ್ಕಳಿಗೆ ತೋರಿಸುವುದು, ಹೇಳುವುದು ಬರುತ್ತದೆ. ಕೇಳುವುದನ್ನು ಯಾರೂ ಕಲಿಸಿರುವುದಿಲ್ಲ, ಏಕೆಂದರೆ ಪ್ರಶ್ನೆ ಕೇಳುವುದು ಸದಾ ನಾವೇ. ಪ್ರಾರ್ಥನೆಯ ನಂತರ ದಿನಾ 10 ನಿಮಿಷ ಮಾಡಿ. ಎರಡು ವಾರ ಚೀಟಿ ದಾಟಿಸುವಾಗ ಹಿಂದಿನಿಂದ ಕೈ ಹಿಡಿದು ತೋರಿಸಬೇಕಾದೀತು. ಎದುರಿಗೆ ಕೂತು ತೋರಿಸಿದರೆ ಅವಳು ನಿಮಗೇ ಹೇಳುತ್ತಾಳೆ.

ಇದು ಕೆಡುವುದು ಎರಡು ಕಡೆ. ಆರು ತಿಂಗಳ ಹಿಂದಿನ ಹಬ್ಬದ ಫೋಟೊವೇ ಉಳಿದರೆ ಮಾತು ಒಣಗುತ್ತದೆ. ಮನೆಯವರಿಂದ ವಾರಕ್ಕೊಂದು ಹೊಸ ಫೋಟೊ ತರಿಸಿಕೊಳ್ಳಿ. ಇನ್ನೊಂದು, ನಾವು ನಡುವೆ ಬಾಯಿ ಹಾಕಿ ‘ಇದು ಯಾವ ಬಣ್ಣ? ಎಷ್ಟು ಜನ ಇದ್ದಾರೆ?’ ಎಂದು ಪಾಠ ಶುರುಮಾಡುವುದು. ಮಾತು ಬಾರದ ಮಗುವಿಗೆ ತಾಯಿಯ ದನಿಯಲ್ಲಿ ರೆಕಾರ್ಡ್ ಮಾಡಿದ ಒಂದು ವಾಕ್ಯ ಫೋನಿನಲ್ಲಿರಲಿ, ಅವನೇ ಒತ್ತಿ ಕೇಳಿಸಲಿ.

ಗೆಳೆಯರನ್ನು ಆರಿಸುವ ಹಕ್ಕೂ ಅವರದು. ಶುಕ್ರವಾರ 9 ಮಕ್ಕಳ ಫೋಟೊ ಬೋರ್ಡಿಗೆ ಅಂಟಿಸಿ, ನಾಳೆಯ ಕೆಲಸ ಯಾರ ಜೊತೆ ಎಂದು ಒಬ್ಬೊಬ್ಬರೂ ತೋರಿಸಲಿ. ನಾಲ್ಕು ವಾರ ಬರೆದಿಡಿ. ಇಬ್ಬರು ಒಬ್ಬರನ್ನೊಬ್ಬರು ತೋರಿಸಿದ್ದರೆ ಅಲ್ಲಿ ಏನೋ ಮೊಳೆಯುತ್ತಿದೆ. ಸದಾ ಅಂಟಿಕೊಂಡಿರುವ ಇಬ್ಬರನ್ನು ‘ಗಲಾಟೆ ಮಾಡ್ತಾರೆ’ ಎಂದು ಬೇರೆ ಬೇರೆ ಕೋಣೆಗೆ ಹಾಕುವುದು ಎಷ್ಟೋ ಶಾಲೆಗಳಲ್ಲಿ ನಡೆಯುತ್ತದೆ. ಹಾಗೆ ಮಾಡುವ ಮುನ್ನ ದಯವಿಟ್ಟು ಎರಡು ಸಲ ಯೋಚಿಸಿ.

ಪ್ರಶ್ನೆ: ಕ್ರೀಡಾಕೂಟದಲ್ಲಿ ಈ ಮಕ್ಕಳಿಗೆ ಬೇರೆ ಓಟ ಇಟ್ಟು ಎಲ್ಲರಿಗೂ ಬಹುಮಾನ ಕೊಡುತ್ತೇವೆ. ಸರಿಯಲ್ಲವೇ?
ದೈಹಿಕ ಶಿಕ್ಷಣ ಶಿಕ್ಷಕ, ಬೆಳಗಾವಿ ಜಿಲ್ಲೆ

ಉತ್ತರ: ಓಡಿದ ಎಲ್ಲರಿಗೂ ಬಹುಮಾನ ಎಂದರೆ ಓಟಕ್ಕೆ ಲೆಕ್ಕವಿಲ್ಲ ಎಂದೇ ಅರ್ಥ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು ಆಟೋಟದಲ್ಲೂ ಉಳಿದವರಷ್ಟೇ ಅವಕಾಶ ಕೊಡಬೇಕೆನ್ನುತ್ತದೆ. ಬೌದ್ಧಿಕ ಅಂಗವೈಕಲ್ಯವಿರುವವರ ಕ್ರೀಡಾ ಸಂಸ್ಥೆಯಾದ ಸ್ಪೆಷಲ್ ಒಲಿಂಪಿಕ್ಸ್‌ನ ಯೂನಿಫೈಡ್ ಮಾದರಿ ನೋಡಿ: ಐವರ ಫುಟ್‌ಬಾಲಿನಲ್ಲಿ ಬೌದ್ಧಿಕ ಅಂಗವೈಕಲ್ಯವಿರುವ ಮೂವರು, ಇಲ್ಲದ ಇಬ್ಬರು ಒಂದೇ ತಂಡದಲ್ಲಿ ಆಡುತ್ತಾರೆ. ನೀವು ಅದನ್ನೇ ಖೋಖೋಗೋ ಲಗೋರಿಗೋ ಹೊಂದಿಸಿಕೊಳ್ಳಬಹುದು. ಶಾಲೆಯ ಅತಿ ಚುರುಕಿನ ಆಟಗಾರನನ್ನು ಮಾತ್ರ ಜೊತೆಗೆ ಹಾಕಬೇಡಿ. ಅವನು ಒಬ್ಬನೇ ಆಡಿ ಗೆಲ್ಲಿಸುತ್ತಾನೆ, ಉಳಿದವರು ಮೈದಾನದಲ್ಲಿ ನಿಂತ ಕಂಬಗಳಾಗುತ್ತಾರೆ. ಲಗೋರಿಯಲ್ಲಿ ಕಲ್ಲಿನ ಬದಲು ಅಂಗೈ ಅಗಲದ ಹಲಗೆ ತುಂಡು, ಮೆತ್ತನೆಯ ಚೆಂಡು ಇರಲಿ. ಏಳರಲ್ಲಿ ಕೊನೆಯ ಎರಡನ್ನು ಇಬ್ಬರು ಬೇರೆ ಬೇರೆ ಆಟಗಾರರು ಇಡಬೇಕೆಂಬ ನಿಯಮ ಎರಡೂ ತಂಡಕ್ಕಿರಲಿ.

ಪ್ರಶ್ನೆ: 14 ವರ್ಷದ ಹುಡುಗ ಸಿಕ್ಕವರನ್ನೆಲ್ಲ ತಬ್ಬಿಕೊಳ್ಳುತ್ತಾನೆ. ಗೆಳೆತನ ತೋರಿಸಲು ಅವನಿಗೆ ಅದೊಂದೇ ಗೊತ್ತು. ಹುಡುಗಿಯರು ದೂರು ಹೇಳುತ್ತಿದ್ದಾರೆ.
ಮುಖ್ಯ ಶಿಕ್ಷಕಿ, ಶಿವಮೊಗ್ಗ

ಉತ್ತರ: ಹುಡುಗಿಯರ ದೂರನ್ನು ಮೊದಲು ಗಂಭೀರವಾಗಿ ತಗೊಳ್ಳಿ. ‘ಅವನಿಗೆ ಗೊತ್ತಾಗಲ್ಲ, ಹೊಂದಿಕೊಂಡು ಹೋಗಿ’ ಎನ್ನಬೇಡಿ. ಹಾಗೆ ಹೇಳಿದರೆ ಅವರು ಅವನಿಂದ ದೂರವೇ ಉಳಿಯುತ್ತಾರೆ.

ಅವನಿಗೆ ‘ತಬ್ಬಬಾರದು’ ಎಂದಷ್ಟೇ ಹೇಳಿದರೆ ಕೈಗಳಿಗೆ ಬೇರೆ ಕೆಲಸವಿಲ್ಲ. ಬದಲಿ ಕೊಡಿ: ದೊಡ್ಡವರಿಗೆ ನಮಸ್ಕಾರ, ಸಹಪಾಠಿಗಳಿಗೆ ಅಂಗೈಗೆ ಅಂಗೈ ತಟ್ಟುವ ಹೈ-ಫೈವ್, ತಬ್ಬುಗೆ ಮನೆಯವರಿಗೆ. ಮೂರು ಚಿತ್ರ, ಮೂರು ಗುಂಪು ಫೋಟೊ, ಹೊಂದಿಸುವ ಆಟ ದಿನಾ 5 ನಿಮಿಷ. ತಬ್ಬಲು ಬಂದರೆ ಒಂದು ಹೆಜ್ಜೆ ಹಿಂದೆ ಸರಿದು ಕೈ ಎತ್ತಿ ‘ಹೈ-ಫೈವ್’ ಎನ್ನಲು ಎಲ್ಲ ಮಕ್ಕಳಿಗೂ ಕಲಿಸಿ. ಇದು ಕೆಡುವುದು ಸಿಬ್ಬಂದಿಯಿಂದ. ಆಯಾ ತಬ್ಬಿಕೊಳ್ಳುತ್ತಾರೆ, ಒಬ್ಬ ಟೀಚರ್ ಕೆನ್ನೆ ಮುಟ್ಟುತ್ತಾರೆ, ಇನ್ನೊಬ್ಬರು ಬೈಯುತ್ತಾರೆ. ಡ್ರೈವರ್‌ನಿಂದ ಹಿಡಿದು ನಿಮ್ಮವರೆಗೆ ಒಂದೇ ನಿಯಮವಿಲ್ಲದಿದ್ದರೆ ಅವನು ಕಲಿಯಲಾರ. ಅವನನ್ನು ಯಾರಾದರೂ ಮುಟ್ಟಿದರೆ ‘ಬೇಡ’ ಎಂದು ಹೇಳಿ ಟೀಚರ್‌ಗೆ ತಿಳಿಸುವುದನ್ನೂ ಅದೇ ಪಾಠದಲ್ಲಿ ಸೇರಿಸಿ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ ಪೋಕ್ಸೊ ಕಾಯ್ದೆ 18ರ ಒಳಗಿನವರಿಗೆ ಕೊಡುವ ರಕ್ಷಣೆ ಇವನಿಗೂ ಇದೆ. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ‘ಫ್ರೆಂಡ್’ ಅನ್ನಿಸಿಕೊಂಡವರು ನನ್ನ ಮಗನಿಂದ ದಿನಾ ಹತ್ತು ರೂಪಾಯಿ ತರಿಸಿಕೊಳ್ಳುತ್ತಾರೆ. ಕೊಡದಿದ್ದರೆ ‘ಟೂ’ ಬಿಡುತ್ತಾರಂತೆ. ಅವನು ಅಳುತ್ತಾನೆ. ಅವರ ಸಹವಾಸ ಬಿಡಿಸಲೇ?
ತಂದೆ, ದಾವಣಗೆರೆ

ಉತ್ತರ: ಎಲ್ಲರನ್ನೂ ಒಟ್ಟಿಗೆ ಬಿಡಿಸಿದರೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ವಾರ ದುಡ್ಡು ಕೊಡದೆ, ಹಂಚಿ ತಿನ್ನುವಷ್ಟು ಚಕ್ಕುಲಿಯನ್ನೋ ಹುರಿಗಡಲೆಯನ್ನೋ ಕಳಿಸಿ. ತರಗತಿ ಶಿಕ್ಷಕರಿಗೆ ಮೊದಲೇ ತಿಳಿಸಿ. ದುಡ್ಡಿಲ್ಲದೆಯೂ ಜೊತೆಯಲ್ಲಿ ಕೂತವರು ಉಳಿಯಲಿ, ಎದ್ದು ಹೋದವರು ಹೋಗಲಿ. ‘ದುಡ್ಡು, ಫೋನು, ಯಾರಿಗೂ ಹೇಳಬೇಡ ಎಂಬ ಮಾತು’, ಈ ಮೂರು ಬಂದರೆ ಮನೆಗೆ ಬಂದು ಹೇಳಬೇಕು ಎಂದು ಬೆರಳು ಮಡಚಿ ಎಣಿಸಿ ಕಲಿಸಿ. ಶಿಕ್ಷಕರು ನೋಡಬೇಕಾದ ಇನ್ನೊಂದು ಗುರುತಿದೆ: ಕೆಟ್ಟ ಮಾತು ಹೇಳಿಕೊಟ್ಟು, ಅವನು ಅದನ್ನು ಹೇಳಿದಾಗ ಎಲ್ಲರೂ ನಗುವುದು. ಅವನೂ ಅವರ ಜೊತೆ ನಗುತ್ತಿರುತ್ತಾನೆ, ಆದ್ದರಿಂದ ದೂರದಿಂದ ಅದು ಗೆಳೆತನದಂತೆಯೇ ಕಾಣುತ್ತದೆ.

ಪ್ರಶ್ನೆ: ಏಪ್ರಿಲ್-ಮೇ ರಜೆ ಮುಗಿಸಿ ಬರುವಷ್ಟರಲ್ಲಿ ಕಟ್ಟಿದ್ದೆಲ್ಲ ಕಳಚಿರುತ್ತದೆ. ಜೂನ್‌ನಲ್ಲಿ ಮತ್ತೆ ಮೊದಲಿನಿಂದ. ಏನು ಮಾಡಬಹುದು?
ಬಿ.ಐ.ಇ.ಆರ್.ಟಿ. (ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕ, ಚಿತ್ರದುರ್ಗ ಜಿಲ್ಲೆ

ಉತ್ತರ: ಮಾರ್ಚ್‌ನಲ್ಲೇ ಎರಡು ಮನೆಯವರನ್ನು ಒಂದು ಸಲ ಭೇಟಿ ಮಾಡಿಸಿ. ಫೋನ್ ನಂಬರನ್ನು ನೀವು ಕೊಡಬೇಡಿ, ಅವರೇ ಕೊಟ್ಟುಕೊಳ್ಳಲಿ. ರಜೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಒಬ್ಬನೇ ಗೆಳೆಯ, ಮೊದಲೇ ಗೊತ್ತಾದ ಒಂದು ಕೆಲಸ: ಹಪ್ಪಳ ಒಣಗಿಸಲು ನೆರವಾಗುವುದು, ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಿನ್ನುವುದು, ಚೌಕಾಬಾರ. ‘ಬಂದು ಆಡಿಕೊಳ್ಳಿ’ ಎಂದು ಬಿಟ್ಟರೆ ಇಪ್ಪತ್ತು ನಿಮಿಷಕ್ಕೆ ಇಬ್ಬರೂ ಟಿ.ವಿ. ಮುಂದೆ ಕೂತಿರುತ್ತಾರೆ. ಗಂಟೆ ಮುಗಿಯುವ ಮೊದಲೇ, ಇನ್ನೂ ಖುಷಿಯಲ್ಲಿರುವಾಗಲೇ ಎಬ್ಬಿಸಿ ಕಳಿಸಿ. ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ‘ಸಮಾಜದೊಂದಿಗೆ ಬೆರೆಯುವುದು’ ಎಂದು ಬರೆದಿದ್ದರೆ ಹೊಡೆದುಹಾಕಿ, ಹೀಗೆ ಬರೆಯಿರಿ: ‘ಬಿಸಿಯೂಟದ ನಂತರ 10 ನಿಮಿಷ, ವಾರಕ್ಕೆ 4 ದಿನ, ಇಬ್ಬರು ಸಹಪಾಠಿಗಳೊಂದಿಗೆ ಆಟ, ಶಿಕ್ಷಕರು ನೆನಪಿಸುವುದು ಒಂದು ಸಲ ಮಾತ್ರ.’ ಇಬ್ಬರ ಹೆಸರನ್ನೂ ಬರೆಯಿರಿ. ಜೂನ್‌ನಲ್ಲಿ ತರಗತಿ ವಿಭಾಗಿಸುವಾಗ ಮುಖ್ಯ ಶಿಕ್ಷಕರ ಮುಂದೆ ಆ ಹಾಳೆ ಇಟ್ಟರೆ ಮೂವರನ್ನೂ ಒಂದೇ ವಿಭಾಗಕ್ಕೆ ಹಾಕಿಸಿಕೊಳ್ಳುವುದು ಸುಲಭ.